ಹಸನಬೀ ಹಾಕಿದ ಓಟು

ಹಳೇಮುತ್ತಾಳದಲ್ಲಿ ಯಾವ ಓಣಿಯ ಓಟು ಯಾರಿಗೆ ಬೀಳುತ್ತದೆಂಬುದು ಪೆಟ್ಟಿಗೆ ಊರಿಗೆ ಬರುವ ಮೊದಲೇ ಚಹಾದಂಗಡಿಯ ಬೆಂಚಿನ ಮೇಲೆ ತೀರ್ಮಾನವಾಗಿರುತ್ತಿತ್ತು. ಗುಡಿ ಓಣಿ ಸಾವುಕಾರ ವಿರೂಪಾಕ್ಷಪ್ಪನವರದು. ಕಾಲುವೆ ಕಡೆಯ ಹೊಸ ಮನೆಗಳು ಎದುರು ಪಾರ್ಟಿಯವು. ಮಸೀದಿಯ ಹಿಂದಿನ ಓಣಿಯೂ ಒಂದು ಕಾಲಕ್ಕೆ ಸಾವುಕಾರರದೇ ಆಗಿತ್ತು. ಈಚೀಚೆಗೆ ಮಾತ್ರ ಬೆಂಚಿನ ಮೇಲಿನವರು ಆ ಓಣಿಯ ಸರದಿ ಬಂದಾಗ ದನಿ ತಗ್ಗಿಸಿ, "ಅವರದು ಗೊತ್ತೈತಲ್ಲ, ಬಿಡ್ರಿ" ಎಂದು ಮುಂದಕ್ಕೆ ಹೋಗುತ್ತಿದ್ದರು. ಆದರೂ ಆ ಓಣಿಯ ಒಂದು ಮನೆಯನ್ನು ಎಲ್ಲರೂ ತಕರಾರಿಲ್ಲದೆ ಸಾವುಕಾರರ ಲೆಕ್ಕಕ್ಕೆ ಹಾಕುತ್ತಿದ್ದರು. ಅದು ಹಸನಬೀಯ ಮನೆ.

ಹಸನಬೀ ನಾಟಿ ಗುಂಪಿನ ಹಿರಿಯಳು. ಗಂಗಾವತಿ ಸುತ್ತಲಿನ ಗದ್ದೆಗಳಿಗೆ ಕಾಲುವೆ ನೀರು ಬಿಟ್ಟು ಭತ್ತದ ಸಸಿ ಹಚ್ಚುವ ಕಾಲ ಬಂತೆಂದರೆ ಆಕೆಯ ಒಂದು ಕೂಗಿಗೆ ಇಪ್ಪತ್ತು ಹೆಂಗಸರು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿಯುತ್ತಿದ್ದರು. ಆ ಗುಂಪಿನಲ್ಲಿ ಎಲ್ಲ ಓಣಿಯವರೂ ಇದ್ದರು. ಬಗ್ಗಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಸಸಿ ಊರುವಾಗ ಆಕೆಯ ಎಡಕ್ಕೆ ಯಾವಾಗಲೂ ಪಂಪಾವತಿ. ಪಂಪಾವತಿ ಗುಡಿ ಓಣಿಯವಳು, ಸಾವುಕಾರರಿಗೆ ದೂರದ ಬಳಗ. ಕಾಲುವೆಯ ತುದಿಗೆ ಒಂದೆಕರೆ ಗದ್ದೆಯಿದ್ದ ಹಂಪಣ್ಣನ ಹೆಂಡತಿ. ಬದುವಿನ ಮೇಲೆ ಬುತ್ತಿ ಬಿಚ್ಚಿದರೆ ಇವಳ ರೊಟ್ಟಿಗೆ ಅವಳ ಪಲ್ಯ, ಅವಳ ಮೊಸರಿಗೆ ಇವಳ ಶೇಂಗಾ ಚಟ್ನಿ. ಹಸನಬೀಗೆ ಅಕ್ಕತಂಗಿಯರಿರಲಿಲ್ಲ. ಪಂಪಾವತಿ "ಅಕ್ಕಾ" ಎಂದು ಕರೆದಾಗಲೆಲ್ಲ ಆ ಕೊರತೆ ಆಕೆಗೆ ಮರೆತುಹೋಗುತ್ತಿತ್ತು.

ಸಾವುಕಾರರ ಮೇಲೆ ಹಸನಬೀಗೆ ಇದ್ದ ನಿಷ್ಠೆಗೆ ಕಾರಣವಿತ್ತು. ಆಕೆಯ ಗಂಡ ಶಾಮೀದಸಾಬ ಸಾವುಕಾರರ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದ. ಮಗ ಯೂಸುಫ ಇನ್ನೂ ಸಾಲಿಗೆ ಹೋಗುತ್ತಿದ್ದ ಕಾಲ. ಒಂದು ಮುಂಜಾನೆ ಶಾಮೀದಸಾಬ ಗದ್ದೆಗೆ ನೀರು ಬಿಡುವ ಮಡೆ ತೆಗೆಯಲು ಕೈ ಹಾಕಿದಾಗ ಹಾವು ಕಚ್ಚಿತು. ಆಳುಗಳು ಓಡಿಹೋಗಿ ಹೇಳಿದ್ದೇ ತಡ, ವಿರೂಪಾಕ್ಷಪ್ಪನವರು ಚಹಾದ ಬಟ್ಟಲು ಕೆಳಗಿಟ್ಟು ಜೀಪು ತಂದರು. ಹಿಂದಿನ ಸೀಟಿನಲ್ಲಿ ಕೂತು ಶಾಮೀದಸಾಬನ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಕೆನ್ನೆ ತಟ್ಟುತ್ತ, "ಕಣ್ಣು ಮುಚ್ಚಬ್ಯಾಡಲೇ ಶಾಮೀದ, ಗಂಗಾವತಿ ಬಂತು ನೋಡು" ಎನ್ನುತ್ತಲೇ ಇದ್ದರು. ದಾರಿಯಲ್ಲಿನ ಮರಳಿ ಎಂಬ ಊರು ದಾಟುವಷ್ಟರಲ್ಲಿ ಜೀವ ಹೋಯಿತು. ಅವರು ತಮ್ಮ ರುಮಾಲು ಬಿಚ್ಚಿ ಹೆಣದ ಮುಖಕ್ಕೆ ಹೊದಿಸಿದರು. ಕಬರಸ್ತಾನಕ್ಕೂ ಬಂದು ಮೂರು ಹಿಡಿ ಮಣ್ಣು ಹಾಕಿದರು. ಮುಂದೆ ಸಾವುಕಾರರು ಎರಡು ಸಲ ಪಾರ್ಟಿ ಬದಲಿಸಿದರು. ಹಸನಬೀಯೂ ಎರಡು ಸಲ ಬದಲಿಸಿದಳು. ಈ ಸಲ ಗುರುತು ಯಾವುದೆಂದು ಕೇಳಿಕೊಂಡು ಹೋಗುತ್ತಿದ್ದಳು, ಅಷ್ಟೆ.

ಆ ವರ್ಷ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಜನ ಮುಖಕ್ಕೆ ಮಾಸ್ಕನ್ನೋ ಟವೆಲ್ಲನ್ನೋ ಕಟ್ಟಿಕೊಂಡು ತಿರುಗುತ್ತಿದ್ದ ವರ್ಷ ಅದು. ಪಂಚಾಯಿತಿ ಚುನಾವಣೆಯಲ್ಲಿ ಪಾರ್ಟಿಯ ಗುರುತು ಇರುವುದಿಲ್ಲ. ಆದರೆ ಯಾರ ಬೆನ್ನಿಗೆ ಯಾವ ಪಾರ್ಟಿ ಎಂಬುದು ಊರ ನಾಯಿಗೂ ಗೊತ್ತಿರುತ್ತದೆ. ಸಾವುಕಾರರ ಮಗ ಗವಿಸಿದ್ದೇಶ ಆಟೋ ಗುರುತಿನಿಂದ ನಿಂತ. ಎದುರಿಗೆ ಗೊಬ್ಬರದಂಗಡಿಯ ಕಲ್ಲೇಶ, ಅವನ ಗುರುತು ಹೊಲಿಗೆ ಯಂತ್ರ.

ಗವಿಸಿದ್ದೇಶ ಅಪ್ಪನಂಥವನಲ್ಲ. ಹಿಂದಿನ ಹಂಗಾಮಿನಲ್ಲಿ ಕಾಲುವೆ ನೀರಿನ ಪಾಳಿಯ ವಿಷಯಕ್ಕೆ ಜಗಳ ತೆಗೆದು, ಪಂಪಾವತಿಯ ಗಂಡ ಹಂಪಣ್ಣನಿಗೆ ಹತ್ತು ಜನರೆದುರು ಕಪಾಳಕ್ಕೆ ಹೊಡೆದಿದ್ದ. ಸಾವುಕಾರರು ಅಂದು ಸಂಜೆ ಹಂಪಣ್ಣನನ್ನು ಮನೆಗೆ ಕರೆಸಿ ಚಹಾ ಕುಡಿಸಿ, "ಹುಡುಗ ಬುದ್ಧಿ, ಮನಸಿಗೆ ಹಚ್ಚಿಕೋಬ್ಯಾಡ. ನಾವು ನಾವು ಒಂದs ಅದೀವಿ" ಎಂದು ಕಳಿಸಿದ್ದರು. ಹಂಪಣ್ಣ ಚಹಾ ಕುಡಿದು ಬಂದಿದ್ದ. ಊರು ಅದನ್ನು ಮರೆತಿತ್ತು.

ಚುನಾವಣೆಗೆ ವಾರವಿರುವಾಗ ಯೂಸುಫ ಗಂಗಾವತಿಯಿಂದ ಬಂದ. ಅವನು ಅಲ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ತಾಯಿಯ ಮುಂದೆ ಫೋನು ಹಿಡಿದು ಗವಿಸಿದ್ದೇಶ ವಾಟ್ಸಾಪಿನಲ್ಲಿ ತಮ್ಮವರ ಬಗ್ಗೆ ಹಾಕಿದ್ದನ್ನು ಓದಿ ಹೇಳಿದ. ಇವರು ರೋಗ ಹಬ್ಬಿಸಿದವರು, ಇವರ ಅಂಗಡಿಯಲ್ಲಿ ಏನೂ ಕೊಳ್ಳಬೇಡಿ, ಇವರು ನಮ್ಮ ಅನ್ನ ಉಂಡು ನಮಗೇ ಎರಡು ಬಗೆಯುವವರು ಎಂದೆಲ್ಲ ಇತ್ತು.

"ಇಂಥಾವಗ ಹಾಕ್ತಿ ಏನಮ್ಮಾ ನೀನು?"

ಹಸನಬೀ ಒಲೆಯ ಮುಂದಿನಿಂದ ಏಳಲಿಲ್ಲ. "ನಾನು ಹುಡುಗಗ ಹಾಕಾಕತ್ತಿಲ್ಲ. ಅವರಪ್ಪಗ ಹಾಕಾಕತ್ತೀನಿ."

"ಚೀಟಿ ಮ್ಯಾಲೆ ಅವರಪ್ಪನ ಹೆಸರು ಇರಂಗಿಲ್ಲ."

"ನನ್ನ ಮನಸಿನಾಗ ಇರತೈತಿ. ನಿಮ್ಮಪ್ಪನ ತಲಿ ಆ ಮನಷ್ಯಾನ ತೊಡಿ ಮ್ಯಾಲೆ ಇತ್ತು ಯೂಸುಫ."

ಯೂಸುಫ ಫೋನು ಜೇಬಿಗಿಟ್ಟು, "ನಾನಂತೂ ಹಾಕಂಗಿಲ್ಲ. ನಿನ್ನ ಮುಂದ ಸುಳ್ಳು ಹೇಳೂದು ಬ್ಯಾಡ ಅಂತ ಹೇಳಾಕತ್ತೀನಿ" ಎಂದ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಬೆಳೆದ ಮಗ, ಅವನ ಓಟು ಅವನದು.

ಗವಿಸಿದ್ದೇಶನೂ ಒಂದು ದಿನ ಕೈಮುಗಿದುಕೊಂಡು ಓಣಿಗೆ ಬಂದ. ಜೊತೆಗೆ ಅಪ್ಪ. ವಿರೂಪಾಕ್ಷಪ್ಪನವರು ಹಸನಬೀಯ ಬಾಗಿಲಲ್ಲಿ ನಿಂತು, "ನಿನಗೇನು ಹೇಳೂದೈತಿ ಹಸನಬೀ? ನೀ ಮನಿ ಮಗಳಿದ್ದಂಗ" ಎಂದರು. "ಹೇಳಬ್ಯಾಡ್ರಿ ಸಾವ್ಕಾರ್ರ" ಎಂದಳು. ಆ ಮಾತಿನಿಂದ ಆಕೆಗೆ ಮೈಮೇಲೆ ಹೊಸ ಸೀರೆ ಹೊದಿಸಿದಷ್ಟು ಹಿಗ್ಗಾಯಿತು. ಗವಿಸಿದ್ದೇಶ ಅಷ್ಟು ಹೊತ್ತಿಗೆ ಮುಂದಿನ ಮನೆಗೆ ಹೋಗಿದ್ದ.

ಓಟಿನ ದಿನ ಸಾಲಿಯ ಕೋಣೆಯಲ್ಲಿ ಆಕೆ ಚೀಟಿ ಬಿಡಿಸಿ, ಆಟೋದ ಚಿತ್ರವನ್ನು ಬೆರಳಿನಿಂದ ಮುಟ್ಟಿ ನೋಡಿ, ಮುದ್ರೆ ಒತ್ತಿದಳು. ಮಸಿ ಅತ್ತಿತ್ತ ಹತ್ತದ ಹಾಗೆ ಮೆಲ್ಲಗೆ ಊದಿ, ಮಡಚಿ, ಪೆಟ್ಟಿಗೆಗೆ ಹಾಕಿದಳು. ಹೊರಗೆ ಬಂದಾಗ ಪಂಪಾವತಿ ಸಾಲಿನಲ್ಲಿ ನಿಂತಿದ್ದಳು. ಹಸನಬೀ ಮಸಿ ಹತ್ತಿದ ಬೆರಳು ತೋರಿಸಿದಳು, ಇಬ್ಬರೂ ನಕ್ಕರು.

ಎಣಿಕೆ ಗಂಗಾವತಿಯಲ್ಲಿ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರಿಗೆ ಬಂತು. ಗವಿಸಿದ್ದೇಶ ಮೂರು ಓಟಿನಿಂದ ಸೋತಿದ್ದ.

ಹಸನಬೀ ಆಗ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೇಳಿ, ಹಿಂಡುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದಳು. ಸಾವುಕಾರರ ಮನೆಗೆ ಹೋಗಿ ಎರಡು ಮಾತು ಸಮಾಧಾನ ಹೇಳಿ ಬರಬೇಕೆಂದು ಸೀರೆ ಬದಲಿಸಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರುವುದಕ್ಕೂ, ಹಲಗೆ ಬಾರಿಸುತ್ತ ಗುಲಾಲು ಎರಚುತ್ತ ಕಲ್ಲೇಶನ ಮೆರವಣಿಗೆ ಓಣಿಯೊಳಗೆ ನುಗ್ಗುವುದಕ್ಕೂ ಸರಿಹೋಯಿತು. ಕಲ್ಲೇಶನ ಕೊರಳಲ್ಲಿ ಹೂವಿನ ಹಾರಗಳು ಗಂಟಲವರೆಗೆ ಏರಿದ್ದವು. ಬಾಗಿಲಲ್ಲಿ ನಿಂತಿದ್ದ ಹಿರಿಯ ಹೆಂಗಸನ್ನು ಕಂಡವನೇ ಬಂದು ಕಾಲಿಗೆ ಬಿದ್ದ. ಎದ್ದು, ತನ್ನ ಕೊರಳಿನದೇ ಒಂದು ಹಾರ ತೆಗೆದು ಆಕೆಗೆ ಹಾಕಿಬಿಟ್ಟ.

"ನಿಮ್ಮ ಓಣಿ ಕೈ ಬಿಡಲಿಲ್ಲ ದೊಡ್ಡವ್ವ! ನೀವು ಹಿರೇರು ಮನಸು ಮಾಡಿದ್ರಿ, ನಾ ಗೆದ್ದೆ."

"ನಾ ನಿನಗ ಹಾಕಿಲ್ಲಪಾ," ಎಂದಳು ಹಸನಬೀ. ಹಲಗೆಯ ಸದ್ದಿನಲ್ಲಿ ಇನ್ನೊಮ್ಮೆ ಕೂಗಿ ಹೇಳಿದಳು: "ನಾ ಸಾವ್ಕಾರ್ರ ಮನಿಗೆ ಹಾಕೀನಿ!"

ಕಲ್ಲೇಶ ಸುತ್ತಲಿನವರ ಕಡೆ ತಿರುಗಿ ಕಣ್ಣು ಮಿಟುಕಿಸಿ ನಕ್ಕ. "ಅಂಜಬ್ಯಾಡ್ರಿ ದೊಡ್ಡವ್ವ. ಇನ್ನ ಮ್ಯಾಲೆ ನಾವದೀವಿ." ಯಾರೋ ಫೋನು ಎತ್ತಿ ಫೋಟೋ ತೆಗೆದರು. ಬಾಯಿಗೆ ಪೇಡೆ ತುರುಕಿದರು. ಆಕೆ ಹಾರ ತೆಗೆದು ಕಟ್ಟೆಗೆ ಇಡುವಷ್ಟರಲ್ಲಿ ಮೆರವಣಿಗೆ ಮಸೀದಿ ದಾಟಿ ಹೋಗಿತ್ತು. ಫೋಟೋ ಊರ ಎಲ್ಲ ಫೋನುಗಳಿಗೂ ಹೋಗಿತ್ತು.

ಸಾವುಕಾರರ ಮನೆಗೆ ಹೋಗಲು ಅವತ್ತು ಆಕೆಗೆ ಕಾಲು ಬರಲಿಲ್ಲ. ಪಕ್ಕದ ಮನೆಯ ಕಾಸೀಮಬೀ ಗೋಡೆಯ ಮೇಲಿನಿಂದ ಇಣುಕಿ, "ಕಡೀಕ ನಮ್ಮ ಕಡಿ ಬಂದೆಲ್ಲ. ಛಲೋ ಮಾಡಿದಿ" ಎಂದಳು. ಹಸನಬೀ ಇಲ್ಲವೆಂದಳು. "ಆತಬೇ, ನಾ ಯಾರ ಮುಂದೂ ಹೇಳಂಗಿಲ್ಲ" ಎಂದು ಕಾಸೀಮಬೀ ತಲೆ ಒಳಗೆಳೆದುಕೊಂಡಳು.

ಮರುದಿನ ಮುಂಜಾನೆ ಡಂಗುರ ಕೇಳಿತು. ಓಟು ಹಾಕುತ್ತೇವೆಂದು ಸಾವುಕಾರರಿಗೆ ಮಾತು ಕೊಟ್ಟವರೆಲ್ಲ ಹನುಮಪ್ಪನ ಗುಡಿಯ ಕಟ್ಟೆಗೆ ಬಂದು ದೀಪ ಮುಟ್ಟಿ ಆಣೆ ಮಾಡಬೇಕು. ಇದು ವಿರೂಪಾಕ್ಷಪ್ಪನವರ ಮಾತೋ ಮಗನ ಹಟವೋ ಯಾರಿಗೂ ತಿಳಿಯದು. ಜನ ಮಾತ್ರ ಬಂದರು. ಬಾರದಿದ್ದವನೇ ಕಳ್ಳನಾಗುವ ಹೊತ್ತಿನಲ್ಲಿ ಯಾರು ಮನೆಯಲ್ಲಿ ಕೂರುತ್ತಾರೆ?

ಕಟ್ಟೆಯ ಮೇಲೆ ವಿರೂಪಾಕ್ಷಪ್ಪನವರು ಕಂಬಕ್ಕೆ ಒರಗಿ ಕೂತಿದ್ದರು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ. ಗವಿಸಿದ್ದೇಶ ದೀಪದ ಹತ್ತಿರ ನಿಂತಿದ್ದ. ಗುಡಿ ಓಣಿಯವರು ಒಬ್ಬೊಬ್ಬರೇ ಬಂದು, "ಹನುಮಪ್ಪನಾಣಿ, ಆಟೋಕ್ಕs ಹಾಕೀನಿ" ಎಂದು ದೀಪ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಇಳಿದರು. ಪಂಪಾವತಿ ಮಿಂದು ಬಂದಿದ್ದಳು. ಒದ್ದೆ ಕೂದಲು ಬೆನ್ನಿಗೆ ಅಂಟಿತ್ತು. ಮೂರು ಸುತ್ತು ಹಾಕಿ, ದೀಪಕ್ಕೆ ಎರಡೂ ಕೈ ಹಿಡಿದು, "ನನ್ನ ಮಗಳ ತಲಿ ಮ್ಯಾಲೆ ಆಣಿ" ಎಂದಳು. ಅಷ್ಟು ದೊಡ್ಡ ಆಣೆ ಅಲ್ಲಿ ಯಾರೂ ಮಾಡಿರಲಿಲ್ಲ. ಗವಿಸಿದ್ದೇಶನೇ, "ಸಾಕು ಬಿಡಬೇ ಅತ್ತಿ, ನಿನ್ನ ಮ್ಯಾಲೆ ಅನುಮಾನ ಯಾರಿಗೈತಿ?" ಎಂದ.

ಹಸನಬೀಯನ್ನು ಯಾರೂ ಕರೆದಿರಲಿಲ್ಲ. ಆಕೆ ತಾನಾಗಿಯೇ ಬಂದು, ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೆ ನಿಂತಳು.

"ನಂದೂ ಆಗಲಿ ಸಾವ್ಕಾರ್ರ. ನಾನೂ ಮಾತು ಕೊಟ್ಟಾಕಿ."

ಗವಿಸಿದ್ದೇಶ ಫೋನು ತೆಗೆದು ಫೋಟೋ ತೋರಿಸಿದ. "ಹಾರ ಹಾಕಿಸಿಕೊಂಡು ಪೇಡೆ ತಿಂದು, ಈಗ ಆಣಿಗೆ ಬಂದೀ?"

"ಅವ ತಾನs ಬಂದು ಹಾಕಿದ. ನಾ ಬ್ಯಾಡಂದೆ. ಕೇಳ್ರಿ ಬೇಕಾದ್ರ."

"ಯಾರನ್ನ ಕೇಳೂದು? ಕಲ್ಲೇಶನ್ನೇನು?" ಸುತ್ತ ನಿಂತವರು ನಕ್ಕರು.

"ಹಂಗಾರ ದೀಪ ಮುಟ್ಟತೀನಿ. ಹನುಮಪ್ಪನ ಆಣಿ ಮಾಡತೀನಿ."

"ಹನುಮಪ್ಪ ನಿಮಗೇನಾಗಬೇಕು? ನೀ ಸುಳ್ಳು ಆಣಿ ಮಾಡಿದ್ರ ನಿನಗೇನು ತಟ್ಟತೈತಿ?"

"ದರ್ಗಾಕ್ಕ ನಡೀರಿ ಹಂಗಾರ. ಅಲ್ಲಿ ಮಾಡತೀನಿ."

"ಅಲ್ಲಿ ಏನು ಮಾಡಿದ್ರೂ ನಿಮ್ಮದು ನಿಮಗs ಗೊತ್ತು."

ಹಸನಬೀ ಅತ್ತ ಇತ್ತ ನೋಡಿದಳು. ಇವೇ ಮುಖಗಳ ಮದುವೆಗಳಲ್ಲಿ ಆಕೆ ಅಕ್ಕಿ ಆರಿಸಿದ್ದಳು, ಇವೇ ಮನೆಗಳ ಬಾಣಂತಿಯರಿಗೆ ಖಾರ ಕುಟ್ಟಿಕೊಟ್ಟಿದ್ದಳು. ಹನುಮಪ್ಪನ ಕಾರ್ತೀಕಕ್ಕೆ ಪ್ರತಿ ವರ್ಷ ಎಣ್ಣೆ ಕೊಡುತ್ತಿದ್ದಳು. ಎಣ್ಣೆಯನ್ನು ಯಾರೂ ಬೇಡವೆಂದಿರಲಿಲ್ಲ. ಆಕೆ ದೊಡ್ಡ ದನಿಯಲ್ಲಿ ಸಾವುಕಾರರಿಗೇ ಹೇಳಿದಳು:

"ಸಾವ್ಕಾರ್ರ, ನಿಮ್ಮ ತೊಡಿ ಮ್ಯಾಲೆ ಜೀವ ಬಿಟ್ಟಾನಲ್ರಿ, ಅವನ ಮ್ಯಾಲೆ ಆಣಿ. ನಾನು ನಿಮ್ಮ ಮನಿಗೆ ಹಾಕೀನಿ."

ವಿರೂಪಾಕ್ಷಪ್ಪನವರು ತಲೆ ಎತ್ತಿದರು. ಆ ಒಂದು ಗಳಿಗೆ ಎಲ್ಲವೂ ಸರಿಹೋಗುತ್ತದೆ ಎಂದು ಹಸನಬೀಗೆ ಅನಿಸಿತು. ಅಷ್ಟರಲ್ಲಿ ಗವಿಸಿದ್ದೇಶ ಕೇಳಿದ:

"ನಿನ್ನ ಮಗ ಯಾರಿಗೆ ಹಾಕ್ಯಾನ? ಅದನ್ನ ಹೇಳು."

ಆಟೋಕ್ಕೆ ಎಂದು ಒಂದು ಮಾತು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆಗಷ್ಟೇ ಗಂಡನ ಮೇಲೆ ಆಣೆ ಮಾಡಿದ ನಾಲಿಗೆ ಸುಳ್ಳಿಗೆ ಹೊರಳಲಿಲ್ಲ. ಆಕೆ ನೆಲ ನೋಡಿದಳು.

"ನೋಡ್ರಿ! ಮಗಂದs ಹೇಳವಲ್ಲಳು, ಇನ್ನ ತನ್ನದೇನು ಹೇಳ್ಯಾಳು? ಮೂರು ಓಟು. ಎಲ್ಲಿ ಹೋದುವು ಅಂತ ಈಗ ಗೊತ್ತಾತಿಲ್ಲೋ?"

ಹಸನಬೀ ಪಂಪಾವತಿಯ ಕಡೆ ನೋಡಿದಳು. ಅವಳಾದರೂ ಒಂದು ಮಾತು ಆಡುತ್ತಾಳೆ, ಅಕ್ಕ ಸುಳ್ಳು ಹೇಳುವವಳಲ್ಲ ಎನ್ನುತ್ತಾಳೆ ಎಂದುಕೊಂಡಳು. ಪಂಪಾವತಿ ಒದ್ದೆ ಕೂದಲನ್ನು ಹಿಂಡಿ ಗಂಟು ಹಾಕಿಕೊಳ್ಳುತ್ತಿದ್ದಳು. ಗಂಟು ಹಾಕುವುದು ಮುಗಿಯಲೇ ಇಲ್ಲ.

ಕೊನೆಗೆ ವಿರೂಪಾಕ್ಷಪ್ಪನವರು ಮಾತಾಡಿದರು. ಗದರಲಿಲ್ಲ, ಬಯ್ಯಲಿಲ್ಲ. ಮೆತ್ತಗೆ, ನೋವಿನಿಂದ ಅಂದರು:

"ಹೋಗು ಹಸನಬೀ. ಮನಿಗೆ ಹೋಗು. ಆದದ್ದು ಆತು. ನಾ ನಿನಗ ಏನೂ ಅನ್ನಂಗಿಲ್ಲ."

ಕಟ್ಟೆಯ ಮೇಲಿನವರು ಸಾವುಕಾರರ ದೊಡ್ಡ ಗುಣಕ್ಕೆ ತಲೆದೂಗಿದರು. ಹಸನಬೀಗೆ ಮಾತ್ರ ಆ ಹುಡುಗನ ಬೈಗುಳಕ್ಕಿಂತ ಅಪ್ಪನ ಆ ಮಾತೇ ಎದೆಗೆ ಚುಚ್ಚಿತು. ಮಾಡದ ತಪ್ಪಿಗೆ ಆ ಮನುಷ್ಯ ಆಕೆಯನ್ನು ಕ್ಷಮಿಸಿದ್ದರು. ಬೈದಿದ್ದರೆ ತಿರುಗಿ ಜಗಳಾಡಬಹುದಿತ್ತು. ಕ್ಷಮೆಗೆ ಏನೆಂದು ಉತ್ತರ ಕೊಡುವುದು? ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದಳು. ಬಾಗಿಲು ಹಾಕಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಜನವರಿಯಲ್ಲಿ ಎರಡನೆಯ ಬೆಳೆಗೆ ನೀರು ಬಂತು. ಸಸಿ ಮಡಿಗಳು ಹಸಿರಾದವು. ಪ್ರತಿ ವರ್ಷ ಊರಲ್ಲಿ ನಾಟಿ ಮೊದಲಾಗುವುದು ಸಾವುಕಾರರ ಗದ್ದೆಯಿಂದ. ಆ ವರ್ಷ ಹಸನಬೀಗೆ ಕರೆ ಬರಲಿಲ್ಲ. ಒಂದು ದಿನ ಮುಂಜಾನೆ ಅಂಗಳ ಗುಡಿಸುವಾಗ ತನ್ನ ಗುಂಪಿನ ಹೆಂಗಸರು ಬುತ್ತಿಗಂಟು ಹಿಡಿದು ಓಣಿಯ ತುದಿಯಲ್ಲಿ ಹೋಗುತ್ತಿದ್ದುದನ್ನು ಕಂಡಳು. ಎಲ್ಲರಿಗಿಂತ ಮುಂದೆ ಪಂಪಾವತಿ. ಒಬ್ಬಿಬ್ಬರು ಇತ್ತ ತಿರುಗಿ ನೋಡಿ, ನೋಡಲಿಲ್ಲವೆಂಬಂತೆ ಮುಂದೆ ನಡೆದರು.

ಸಾವುಕಾರರ ಗದ್ದೆಗೆ ಹೋಗದವಳನ್ನು ಅವರ ಬಳಗದವರೂ ಕರೆಯಲಿಲ್ಲ. ಹೀಗೆ ಒಂದು ಗದ್ದೆಯಿಂದ ಒಂದು ಗದ್ದೆ, ಅರ್ಧ ಊರು ಆಕೆಗೆ ಮುಚ್ಚಿಹೋಯಿತು. ಇನ್ನರ್ಧ ಊರು ಕಲ್ಲೇಶನ ಕಡೆಯವರದು. ಅವರ ಗದ್ದೆಗಳಿಗೆ ಬೇರೆ ಗುಂಪು ಮೊದಲಿನಿಂದ ಇತ್ತು. ಕಲ್ಲೇಶ ಸಿಕ್ಕಾಗ, "ನೋಡೂಣು ದೊಡ್ಡವ್ವ, ಏನಾರ ಮಾಡೂಣು" ಎಂದ. ಏನೂ ಮಾಡಲಿಲ್ಲ. ಅವನಿಗಾದರೂ ಏನು ಅವಸರ? ಆ ಓಣಿ ಹೇಗೂ ಅವನ ಲೆಕ್ಕದಲ್ಲಿತ್ತು.

ಹದಿನೈದು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಪಂಪಾವತಿ ಮನೆಗೆ ಬಂದಳು. ಮೊಣಕಾಲವರೆಗೆ ಕೆಸರು ಒಣಗಿತ್ತು. ಹೊಸ್ತಿಲೊಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಕ್ಕಾ, ನನಗ ಊಟ ಸೇರವಲ್ದು."

ಹಸನಬೀ ಚಾಪೆಯನ್ನು ಅವಳ ಕಡೆಗೆ ಸರಿಸಿದಳು.

"ನಾನs ಹಾಕಿದ್ದು ಕಲ್ಲೇಶಗ. ನಾನೂ ಹಾಕೀನಿ, ಅವರೂ ಹಾಕ್ಯಾರ." ಅವರು ಎಂದರೆ ಗಂಡ ಹಂಪಣ್ಣ. "ಹತ್ತು ಮಂದಿ ಮುಂದ ಹೊಡಿಸಿಕೊಂಡ ದಿವಸದಿಂದ ಅವರು ಕಾಲುವಿ ಕಡಿ ತಲಿ ಎತ್ತಿ ಹೋಗಿಲ್ಲ. ಚಹಾ ಕುಡಿಸಿ ಕಳಿಸಿದ್ರ ಆತೇನು? ಅವತ್ತ ನಾ ಮನಸಿನಾಗ ಗಂಟು ಹಾಕೀನಿ."

"ಮಗಳ ತಲಿ ಮ್ಯಾಲೆ ಆಣಿ ಮಾಡಿದೆಲ್ಲ."

"ಏನು ಮಾಡ್ಲಿ? ಇಲ್ಲಂದ್ರ ನಮ್ಮ ಗದ್ದಿಗೆ ಹನಿ ನೀರು ಬಿಡತಿದ್ದಿಲ್ಲ. ಅವತ್ತಿಂದ ಹುಡುಗಿಗೆ ಸಣ್ಣ ಜ್ವರ ಬಂದ್ರೂ ನನ್ನ ಜೀವ ಹಾರತೈತಿ." ಪಂಪಾವತಿ ಬಿಕ್ಕಿದಳು. "ನನ್ನ ಮ್ಯಾಲೆ ಯಾರಿಗೂ ಅನುಮಾನ ಬರಂಗಿಲ್ಲ ಅಂತ ನನಗ ಗೊತ್ತಿತ್ತು. ನಿನ್ನ ಮ್ಯಾಲೆ ಬರತೈತಿ ಅನ್ನೂದು ನನ್ನ ತಲಿಗೆ ಬರಲಿಲ್ಲ. ಖರೇನs ಬರಲಿಲ್ಲ ಅಕ್ಕಾ."

ಹಸನಬೀ ಅವಳ ಕಾಲಿನ ಒಣ ಕೆಸರನ್ನೇ ನೋಡಿದಳು. ಆಮೇಲೆ ಹೇಳಿದಳು:

"ನೀ ಓಟು ಹಾಕಿದ್ದು ತಪ್ಪಲ್ಲ ಪಂಪಾ. ನಿನ್ನ ಗಂಡನ ಮಾನದ ಮಾತು, ನಿನಗ ಬೇಕಾದಾವಗ ಹಾಕಿದಿ. ಆಣಿ ಮಾಡಿದ್ದೂ ಹೋಗಲಿ, ಹೊಟ್ಟಿಗಾಗಿ ಮಾಡಿದಿ. ಆದ್ರ ಅಲ್ಲಿ ನನ್ನನ್ನ ಮಂದಿ ನಡುವ ನಿಲ್ಲಿಸಿಕೊಂಡು ನಗಾಕತ್ತಿದ್ರಲ್ಲ, ನೀ ಕೂದಲ ಕಟ್ಟಿಕೋತ ನಿಂತಿ. ನೀ ಹಾಕಿದ್ದು ಹೇಳಬೇಕಿದ್ದಿಲ್ಲ. 'ಅಕ್ಕ ಸುಳ್ಳು ಹೇಳಾಕೆಲ್ಲ' ಅಂತ ಒಂದು ಮಾತು ಅಂದಿದ್ರ ನಿನ್ನ ಗಂಟೇನು ಹೋಗತಿತ್ತು?"

ಪಂಪಾವತಿ ಕಣ್ಣೊರೆಸಿಕೊಂಡಳು. "ನಾಳಿಂದ ನೀನೂ ಬಾ ಅಕ್ಕಾ. ನಾ ಕರಕೊಂಡು ಹೊಂಟೀನಿ ಅಂದ್ರ ಅವರು ಬ್ಯಾಡನ್ನಂಗಿಲ್ಲ. ಈಗೊಂದೀಟು ದಿವಸ ಹಿಂದಿನ ಸಾಲಿನಾಗ ಇರು. ಎಲ್ಲಾ ಮರತ ಮ್ಯಾಲೆ..."

"ಎದ್ದು ಹೋಗು ಪಂಪಾ."

ಪಂಪಾವತಿ ಬಾಗಿಲವರೆಗೆ ಹೋಗಿ ನಿಂತಳು. ಅವಳು ಬಾಯಿ ಬಿಟ್ಟು ಕೇಳದಿದ್ದ ಮಾತು ಹಸನಬೀಗೆ ಕೇಳಿಸಿತು.

"ಅಂಜಬ್ಯಾಡ, ಯಾರ ಮುಂದೂ ಹೇಳಂಗಿಲ್ಲ. ಹೇಳಿದ್ರೂ ನಂಬಾವರು ಯಾರದಾರ?"

ಮಗ ಯೂಸುಫನ ಮುಂದೆಯೂ ಆಕೆ ಆ ಮಾತು ಆಡಲಿಲ್ಲ. ಕರೆಯದ ಕಟ್ಟೆಗೆ ಯಾಕೆ ಹೋದೆ ಎಂದು ಅವನು ಮಾತ್ರ ತಾಯಿಯ ಮೇಲೆ ಸಿಟ್ಟಾದ. ಗಂಗಾವತಿಗೆ ಬಂದು ತನ್ನ ಹತ್ತಿರ ಇರು ಎಂದ. "ನಾ ಯಾಕ ಊರು ಬಿಡಲಿ? ನಾನೇನು ಮಾಡೀನಿ?" ಎಂದಳು. ಮುಂದಿನ ಹಂಗಾಮಿನಿಂದ ಆಕೆ ಮುಂಜಾನೆ ಕತ್ತಲಿರುವಾಗಲೇ ಎದ್ದು, ರಸ್ತೆಗೆ ಹೋಗಿ, ಬೇರೆ ಊರಿನ ಕೂಲಿಯವರ ಟಂಟಂ ಗಾಡಿ ಹತ್ತಿ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳ ಗದ್ದೆಗೆ ಹೋಗತೊಡಗಿದಳು. ಅಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ತೆಲುಗಿನಲ್ಲಿ "ಓ ಪೆದ್ದಮ್ಮಾ", ಓ ದೊಡ್ಡವ್ವಾ, ಎಂದು ಕರೆಯುತ್ತಿದ್ದ. ಎಡಕ್ಕೆ ಒಂದು ದಿನ ಒಬ್ಬಳು, ಮರುದಿನ ಇನ್ನೊಬ್ಬಳು. ಬುತ್ತಿಯನ್ನು ಬದುವಿನ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಎರಡು ವರ್ಷ ಕಳೆದು ವಿಧಾನಸಭೆಯ ಚುನಾವಣೆ ಬಂತು. ಬೇಸಿಗೆಯ ಬಿಸಿಲು ನೆಲ ಸುಡುತ್ತಿತ್ತು. ಸಾವುಕಾರರ ಕಡೆಯವರು ಗುಡಿ ಓಣಿ ಮುಗಿಸಿ, ಮಸೀದಿಯ ಹತ್ತಿರ ಬಂದು, ಅಲ್ಲಿಂದಲೇ ತಿರುಗಿ ಹೋದರು. ಹಸನಬೀಯ ಬಾಗಿಲಿಗೆ ಯಾರೂ ಬರಲಿಲ್ಲ. ಕಲ್ಲೇಶನ ಹುಡುಗರು ಬಂದರು. ಅವರೂ ಓಟು ಕೇಳಲಿಲ್ಲ. ಬೂತಿನ ಚೀಟಿಯನ್ನು ಹೊಸ್ತಿಲ ಮೇಲೆ ಇಟ್ಟು, "ಮುಂಜೇಲೆ ಜಲ್ದಿ ಬರ್ರಿ, ಬಿಸಿಲಾಗತೈತಿ" ಎಂದು ಹೋದರು. ಅವರ ಮಾತಿನಲ್ಲಿ ಬೇಡಿಕೆಯೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಆ ಓಣಿಯನ್ನು ಈಗ ಮನೆಮನೆಯಾಗಿ ಎಣಿಸುತ್ತಿರಲಿಲ್ಲ. ಒಂದೇ ಗುಂಪಾಗಿ ಎಣಿಸುತ್ತಿದ್ದರು.

ಓಟಿನ ದಿನ ಆಕೆ ಕೂಲಿಗೆ ಹೋಗಲಿಲ್ಲ. ಓಟಿಗೆ ಹೋಗುವುದೇ ಬೇಡವೆಂದು ಮಧ್ಯಾಹ್ನದವರೆಗೆ ಮನೆಯಲ್ಲಿಯೇ ಕೂತಳು. ಆಮೇಲೆ ಎದ್ದು ಸೆರಗು ಹೊದ್ದು ಹೊರಟಳು. ಸಾಲಿಯ ಕೋಣೆಯಲ್ಲಿ ಸಾವುಕಾರರ ಪಾರ್ಟಿಯ ಏಜೆಂಟನಾಗಿ ಗವಿಸಿದ್ದೇಶನೇ ಕೂತಿದ್ದ. ಆಕೆಯ ಹೆಸರು ಕೂಗಿದಾಗ ತಲೆ ಎತ್ತದೆ ತನ್ನ ಹಾಳೆಯಲ್ಲಿ ಒಂದು ಗೆರೆ ಎಳೆದ. ಅದು ಎದುರು ಪಾರ್ಟಿಯ ಲೆಕ್ಕದ ಗೆರೆ ಎಂದು ಯಾರೂ ಹೇಳಬೇಕಿರಲಿಲ್ಲ.

ಮಷೀನಿನ ಮುಂದೆ ಹಸನಬೀ ಒಂದಷ್ಟು ಹೊತ್ತು ನಿಂತಳು. ಸಾವುಕಾರರ ಪಾರ್ಟಿಯ ಗುರುತು ಮೇಲಿತ್ತು. ಅದರ ಹತ್ತಿರ ಬೆರಳು ಹೋಯಿತು, ಅಭ್ಯಾಸ. ಒತ್ತಿದರೆ ಯಾರಿಗೆ ಗೊತ್ತಾಗುತ್ತದೆ? ಒತ್ತದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹೊರಗಿನವರೆಲ್ಲ ಆಕೆಯ ಓಟನ್ನು ಆಗಲೇ ಹಾಕಿ ಮುಗಿಸಿದ್ದರು. ಆಕೆಗೆ ಕಲ್ಲೇಶನ ಪಾರ್ಟಿಯ ಮೇಲೆ ಪ್ರೀತಿ ಇರಲಿಲ್ಲ. ಅವರಿಂದ ಒಂದು ಸಹಾಯ ಕಂಡಿರಲಿಲ್ಲ, ಅವರ ಒಂದು ಮಾತನ್ನೂ ನಂಬಿರಲಿಲ್ಲ. ಆದರೂ ಬೆರಳು ಕೆಳಗಿಳಿಸಿ ಅವರ ಗುರುತಿನ ಮುಂದಿನ ಗುಂಡಿಯನ್ನೇ ಒತ್ತಿದಳು. ಮಷೀನು ಕೂಗಿತು. ಎರಡು ವರ್ಷದಿಂದ ಊರು ಆಡುತ್ತಿದ್ದ ಮಾತು ಆ ಗಳಿಗೆಯಿಂದ ನಿಜವಾಯಿತು. ಆಕೆಗೆ ಸಂತೋಷವಾಗಲಿಲ್ಲ, ಸೇಡು ತೀರಿತು ಎಂದೂ ಅನಿಸಲಿಲ್ಲ. ಬಾಯಿ ಮಾತ್ರ ಕಹಿಯಾಯಿತು.

ಹೊರಗೆ ಬೇವಿನ ನೆರಳಿನಲ್ಲಿ ವಿರೂಪಾಕ್ಷಪ್ಪನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ಇಳಿದಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ಅವರಾಗಿಯೇ ಕರೆದು ಮಾತಾಡಿಸಿದರು.

"ಹಸನಬೀ, ಆರಾಮದೀ?"

"ಆರಾಮದೀನ್ರಿ."

"ಓಟು ಹಾಕಿದಿ?"

"ಹಾಕಿದ್ನಿರಿ."

ಅವರು ಯಾರಿಗೆಂದು ಕೇಳಲಿಲ್ಲ. ಕೇಳಿದ್ದರೆ ಆಕೆ ಹೇಳುವವಳಿದ್ದಳು, ಮುಖಕ್ಕೆ ಮುಖ ಕೊಟ್ಟು ಹೇಳುವವಳಿದ್ದಳು. ಅವರು ತಲೆಯಾಡಿಸಿ, ಪಕ್ಕದವನಿಂದ ನೀರಿನ ಬಾಟಲಿ ಇಸಿದುಕೊಂಡು ಕುಡಿಯತೊಡಗಿದರು. ಹಸನಬೀ ಬಿಸಿಲಿಗೆ ಸೆರಗನ್ನು ಮುಂದಕ್ಕೆಳೆದುಕೊಂಡು, ಗುಡಿ ಓಣಿಯ ದಾರಿ ಬಿಟ್ಟು, ಕಾಲುವೆ ದಂಡೆ ಹಿಡಿದು ಮನೆಗೆ ನಡೆದಳು.